ಪಾಲಿನ ಕೋಳಿ

ಕಾಯಿಸಿದ ಚಾಕುವನ್ನು ಶಂಕ್ರೆಪ್ಪ ಥರ್ಮಾಕೋಲ್ ಡಬ್ಬಿಗೆ ಒತ್ತಿದ. ಚುರ್ರೆಂದು ಹೊಗೆ ಎದ್ದಿತು. ಆಲಮಟ್ಟಿಯಿಂದ ಮೀನು ಬರುವ ಡಬ್ಬಿ. ಎಷ್ಟು ತೊಳೆದರೂ ವಾಸನೆ ಬಿಟ್ಟಿರಲಿಲ್ಲ. ಎದುರಿಗೆ ಹೆಂಡತಿ ಗುಂಡವ್ವ ತತ್ತಿಗಳನ್ನು ಉಡಿಯಲ್ಲಿ ಕಟ್ಟಿ ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದಳು. ಕಾವಿಗೆ ಕೂತ ಕೋಳಿಯನ್ನು ಆಗಷ್ಟೇ ನಾಯಿ ಕಚ್ಚಿಕೊಂಡು ಹೋಗಿತ್ತು.

"ಲಗೂ ಮಾಡ್ರಿ," ಅಂದಳು. "ಆರಾಕತ್ತಾವು."

ಶಂಕ್ರೆಪ್ಪನ ಕೈ ನಿಂತಿತು. ಹೋದ ಮಳೆಗಾಲದಲ್ಲಿ ಮಗಳು ಕೋಮಲ ಜ್ವರ ಬಂದು ತೀರಿಕೊಂಡ ಮೇಲೆ ಗುಂಡವ್ವ ಕೇಳಿದ್ದಕ್ಕೆ ತಲೆಯಾಡಿಸಿದ್ದೇ ಹೊರತು ತಾನಾಗಿ ಬಾಯಿ ಬಿಟ್ಟವಳಲ್ಲ.

ನಾಯಿ ಒಯ್ದ ಆ ಕೋಳಿ ಕೋಮಲ ಸಾಕಿದ್ದು. ಪಕ್ಕದ ಮನೆಯ ಅಬಿದಾ ಅದನ್ನು ಪಾಲಿಗೆ ಕೊಟ್ಟಿದ್ದಳು: ಸಾಕುವುದು ಹುಡುಗಿ, ಮರಿಯಾದರೆ ಇಬ್ಬರಿಗೂ ಅರ್ಧರ್ಧ. ಮೊದಲ ಸಲ ಮರಿಯಾದಾಗ ಕೋಮಲ ಎಲ್ಲಕ್ಕಿಂತ ಚೆಂದದ ಚುಕ್ಕಿ ಮರಿಯನ್ನೇ ಅಬಿದಾಳ ಕೈಗಿಟ್ಟಳು. ಹುಚ್ಚಿ, ಚಲೋದು ನೀ ಇಟ್ಕೋಬಾರದೇನ ಎಂದು ತಾಯಿ ಗದರಿದ್ದಕ್ಕೆ, ಪಾಲಂದ್ರ ಪಾಲು ಯವ್ವಾ ಅಂದಿದ್ದಳು. ಮನೆಯಲ್ಲಿ ಉಳಿದ ಮರಿಗಳು ಬೇನೆ ಬಂದು ಸತ್ತವು. ಅವಳದೆಂದು ಈಗ ಉಳಿದದ್ದು ಈ ತತ್ತಿಗಳೇ.

ಪಂಪಿನ ಮೋಟಾರು ರಿಪೇರಿ ಮಾಡುವ ಶಂಕ್ರೆಪ್ಪನಿಗೆ ವೈರಿನ ಕೆಲಸ ಸಲೀಸು. ಕೋಳಿಯ ಕಾವಿನ ಬದಲು ಡಬ್ಬಿಯೊಳಗೆ ಬಲ್ಬು ಕೂಡಿಸಿದ, ಕಾವು ಏರಿದರೆ ಅದನ್ನು ಆರಿಸುವ ಸ್ವಿಚ್ಚು ಹಾಕಿದ, ಒಳಗೆ ಪಸೆ ಇರಲೆಂದು ಬಟ್ಟಲಲ್ಲಿ ನೀರಿಟ್ಟ. ಕರೆಂಟು ಹೋದಾಗ ಗುಂಡವ್ವ ಬಿಸಿನೀರಿನ ಬಾಟಲಿಗಳನ್ನು ತಂದು ತತ್ತಿಗಳ ನಡುವೆ ಇಡುತ್ತಿದ್ದಳು. ತತ್ತಿಯ ಒಂದು ಮಗ್ಗುಲಿಗೆ ಇದ್ದಲಿಯಿಂದ ಎಳೆದ ಗೆರೆ ನೋಡಿ ಹೊರಳಿಸುತ್ತಿದ್ದಳು.

ಅಬಿದಾ ಬಂದು ನೋಡಿದಳು. "ಯಣ್ಣಾ, ಕೋಳಿ ಉದ್ಯೋಗಾ ನೀನ ಹಿಡದಿ. ಇನ್ನ ಕೊಕ್ಕೊಕ್ಕೋ ಅನ್ನೂದೊಂದ ಬಾಕಿ ಐತಿ ನೋಡು."

ಗುಂಡವ್ವನ ತುಟಿ ನಗುವಿಗೆ ಓರೆಯಾಯಿತು. ಶಂಕ್ರೆಪ್ಪ ಅದನ್ನು ಕಂಡ.

ತತ್ತಿ ಒಡೆಯುವ ಹೊತ್ತು ಹತ್ತಿರ ಬಂದಾಗ ಅವನು ತಿಳಿಸಿ ಹೇಳಿದ್ದ: ಮರಿ ಕುಟುಕಲು ಹಿಡಿದ ಮೇಲೆ ಮುಚ್ಚಳ ತೆಗೆಯಬಾರದು. ಬ್ಯಾಸಗಿಯ ಒಣಗಾಳಿ ಒಳಗೆ ಹೊಕ್ಕರೆ ತತ್ತಿಯೊಳಗಿನ ಪೊರೆ ಒಣಗಿ ಮರಿಯನ್ನು ಬಿಗಿದುಬಿಡುತ್ತದೆ. ಗುಂಡವ್ವ ತಲೆಯಾಡಿಸಿದ್ದಳು.

ಮರುದಿನ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಾಗ ಒಳಗೆ ಮಾತು ಕೇಳಿಸಿತು.

"ತ್ರಾಸ ಆಗಾಕತ್ತೈತೇನ ನನ್ನವ್ವಗ? ಬಾ. ನಾ ಇಲ್ಲೇ ಅದೇನಿ."

ಮುಚ್ಚಳ ಅವಳ ಕೈಯಲ್ಲಿತ್ತು. ತತ್ತಿಯೊಳಗಿಂದ ಚಿಂವ್ ಎಂದಾಗಲೆಲ್ಲ ತೆಗೆಯುತ್ತಿದ್ದಳು, ಮಾತಾಡುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ಗುಡ್ಡದಂಥ ಮೌನ ಒಡೆದು ಮಾತು ಹರಿಯುತ್ತಿತ್ತು: ಅಂಗಳದ ಸುದ್ದಿ, ಅಬಿದಾಳ ಸುದ್ದಿ, ಅಪ್ಪನ ಸುದ್ದಿ. ಮುಚ್ಚು ಅನ್ನಬೇಕು. ಶಂಕ್ರೆಪ್ಪನಿಗೆ ಗೊತ್ತಿತ್ತು. ಅಂದರೆ ಈ ದನಿ ಮತ್ತೆ ನಿಲ್ಲುತ್ತದೆ, ಅದೂ ಗೊತ್ತಿತ್ತು. ಅವನು ಹೊಸ್ತಿಲ ಹೊರಗೇ ಕೂತು ಕೇಳಿದ. ಹೊತ್ತು ಇಳಿದಂತೆ ಒಳಗಿನ ಚಿಂವ್ ಚಿಂವ್ ತೆಳ್ಳಗಾಗುತ್ತ ಬಂತು.

ಬೆಳಿಗ್ಗೆ ನೋಡಿದರೆ ತತ್ತಿಗಳಲ್ಲಿ ಸಣ್ಣ ತೂತು, ತೂತಿನಲ್ಲಿ ಕೊಕ್ಕು, ಅಷ್ಟಕ್ಕೇ ನಿಂತಿತ್ತು. ಒಂದನ್ನು ಸುಲಿದ. ಪೊರೆ ಕಾಗದದಂತೆ ಒಣಗಿ ಮೈಗೆ ಅಂಟಿತ್ತು. ಮರಿ ಪೂರಾ ಬೆಳೆದಿತ್ತು.

"ಯಾಕ್ ಹಿಂಗಾತ್ರಿ?"

"ಕರೆಂಟ ಹೋಗಿತ್ತು," ಅಂದ.

ಹೋಗಿರಲಿಲ್ಲ. ಇಡೀ ದಿನ ಡಬ್ಬಿಯ ಮುಂದೆ ಕೂತಿದ್ದವಳಿಗೆ ಅದು ಗೊತ್ತಿತ್ತು. ಅವನ ಮುಖವನ್ನೇ ನೋಡಿ ಮುಚ್ಚಳ ಹಾಕಿದಳು.

ಸಂಜೆ ಅಬಿದಾ ಕಂಕುಳಲ್ಲಿ ಕೋಳಿ ಹಿಡಿದು ಬಂದಳು. ಅದೇ ಚುಕ್ಕಿ ಮರಿ, ಈಗ ದೊಡ್ಡದಾಗಿತ್ತು.

"ಇದೂ ಆಕಿ ಕೋಳಿ ಮರೀನೇ ಅಲ್ಲೇನಕ್ಕಾ," ಅಂದಳು. "ಕಾವಿಗೆ ಬಂದೈತಿ. ಪಾಲೂ ಬ್ಯಾಡ, ಏನೂ ಬ್ಯಾಡ. ನೀ ಇಟ್ಕೋ."

ಶಂಕ್ರೆಪ್ಪ ಆಗಲೇ ಎರಡೂ ಕೈ ಚಾಚಿದ್ದ. ಅವನಿಗಿಂತ ಮೊದಲು ಗುಂಡವ್ವ ಕೋಳಿಯನ್ನು ತೆಗೆದುಕೊಂಡಳು. ಉಡಿಯಲ್ಲಿಟ್ಟು ಕುತ್ತಿಗೆಯ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಅದು ಕಣ್ಣು ಮುಚ್ಚಿ ಸುಮ್ಮನೆ ಕೂತಿತು. ಆಮೇಲೆ ಎತ್ತಿ ಅಬಿದಾಳ ಕಂಕುಳಿಗೇ ತಿರುಗಿ ಇಟ್ಟಳು.

"ಒಲ್ಲೆ," ಅಂದಳು. "ಅದು ಆಕಿ ಕೈಯಾರೆ ಕೊಟ್ಟದ್ದು."