ಹಿಮದ ಮದುವೆಯ ದಿಬ್ಬಣ

ಹಿಮ ಕರಗಿ ಬೆಟ್ಟದ ನೆತ್ತಿ ವರ್ಷದಿಂದ ವರ್ಷಕ್ಕೆ ಬೋಳಾಗಿ ಕಾಲುವೆ ಬತ್ತಿದ ಮೇಲೆ, ಉತ್ತರದ ಹಿಮಬೆಟ್ಟಗಳ ನಡುವಿನ ಆ ಬಾಲ್ತಿ ಜನರ ಊರಿನ ಗಂಡಸರಿಗೆ ಹಿರಿಯರು ಮಾಡುತ್ತಿದ್ದ ಹಿಮದ ಮದುವೆ ನೆನಪಾಯಿತು. ಒಂದು ಕಣಿವೆಯ ಕಪ್ಪು ಗಂಡುಹಿಮವನ್ನೂ ಇನ್ನೊಂದು ಕಣಿವೆಯ ಬಿಳಿ ಹೆಣ್ಣುಹಿಮವನ್ನೂ ತಂದು ಎತ್ತರದ ಗುಹೆಯಲ್ಲಿ ಒಟ್ಟಿಗೆ ಹೂತರೆ ಹೊಸ ಹಿಮನದಿ ಹುಟ್ಟುತ್ತದೆಂದು ನಂಬಿಕೆ. ಹೊತ್ತವರು ದಾರಿಯಲ್ಲಿ ಮಾತಾಡಬಾರದು, ಹಿಮದ ಬುಟ್ಟಿಯನ್ನು ನೆಲಕ್ಕೆ ಇಳಿಸಬಾರದು.

ಈ ಗಂಡಸರ ಕೈಲಿ ಅಷ್ಟೂ ಆಗದೆಂದು ಫಿಜ್ಜಾ ಅಜ್ಜಿಗೆ ಮೊದಲೇ ಗೊತ್ತಿತ್ತು. ಆದರೂ ಉಪ್ಪು ಚಹಾ ಹಿಡಿದು ಗುಹೆಯ ದಾರಿಯಲ್ಲಿ ಕಾದು ಕೂತಿದ್ದಳು. ಗಂಡುಹಿಮ ಬೆಳಗ್ಗೆಯೇ ಗುಹೆ ಸೇರಿತ್ತು.

ಹೆಣ್ಣುಹಿಮ ಹೊತ್ತ ಮುರ್ತಜಾ ಅವಳೆದುರು ಬರುವಾಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದವನೇ ಕೂಗಿದ: “ಈಗ ಮಾತಾಡೋ ಹಾಗಿಲ್ಲ ಮಾರಾಯ, ಹಿಮ ಹೊತ್ತಿದೀನಿ!”

ದಿಬ್ಬಣ ನಿಂತಿತು. ಗಾಬರಿಯಲ್ಲಿ ಬುಟ್ಟಿಯೂ ನೆಲಕ್ಕಿಳಿಯಿತು.

“ಕೆಟ್ಟೋಯ್ತು! ವಾಪಸ್ ಹೋಗಿ ಬೇರೆ ತಗೊಂಡ್ಬಾ,” ಎಂದ ಊರ ಮುಖಂಡ ಹೈದರ್.

“ನಾನು ಮೆಲ್ಲಗೆ ಹೇಳ್ದೆ. ಹಿಮಕ್ಕೆ ಕೇಳಿಸಿಲ್ಲ.”

“ಪಕ್ಕದೂರಿಗೇ ಕೇಳಿಸ್ತು, ಬೆನ್ನಮೇಲಿದ್ದಿದ್ದಕ್ಕೆ ಕೇಳಿಸಿಲ್ವೇನೋ?”

ದಿಬ್ಬಣ ಎರಡು ಪಕ್ಷವಾಯಿತು. ಹಿಮಕ್ಕೆ ಕಿವಿ ಉಂಟೋ ಇಲ್ಲವೋ ಎಂದು ಸುಡುಬಿಸಿಲಲ್ಲಿ ನಿಂತು ಎಲ್ಲರೂ ಗಂಟಲು ಹರಿದುಕೊಂಡರು.

ಅಜ್ಜಿ ಚಹಾ ಮುಗಿಸಿ, ಬುಟ್ಟಿಯಿಂದ ತನ್ನ ಪಾದದವರೆಗೆ ಹರಿದುಬಂದ ನೀರನ್ನು ತೋರಿಸಿದಳು.

“ಕಿವಿ ಇದೆಯೋ ಇಲ್ವೋ, ಕಾಲಂತೂ ಬಂದಿದೆ ನೋಡ್ರೋ! ಗಂಡು ಗುಹೇಲಿ ಕಾಯ್ತಾ ಕೂತಿದ್ದಾನೆ, ಹೆಣ್ಣು ಓಡಿಹೋದ್ಳು. ಇಂಥಾ ದಿಬ್ಬಣ ಕಂಡ್ರೆ ನಾನಾಗಿದ್ರೂ ಓಡ್ತಿದ್ದೆ.”