ಬೆನ್ನ ಮೇಲೆ ಅವನ ಹೆಸರು

ನಾನು ಒಂದು ಸ್ಟೀಲ್ ತಟ್ಟೆ. ಹುಟ್ಟಿದ್ದು ಕಾರ್ಖಾನೆಯ ಅಚ್ಚಿನಲ್ಲಿ, ಹೆಸರು ಹೊತ್ತದ್ದು ಗದಗಿನ ಪಾತ್ರೆ ಅಂಗಡಿಯಲ್ಲಿ. ಮದುವೆಯ ಉಡುಗೊರೆ ಎಂದು ಅಂಗಡಿಯವನು ನನ್ನ ಬೆನ್ನ ಮೇಲೆ ‘ಜಯವಂತ – ಕೃಪಾವತಿ’ ಎಂದು ಕೊರೆದ. ಕೃಪಾವತಿಯ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಇನ್ನೊಂದನ್ನು ಉಜ್ಜಿ ತೆಗೆಯಲು ಬರುವಂತಿದ್ದರೆ ಎಂದೋ ತೆಗೆಯುತ್ತಿದ್ದೆ.

ಜಯವಂತ ನನ್ನ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಅನ್ನ ಕೊಟ್ಟ ದೇವರಿಗೆ ಉದ್ದನೆಯ ಸ್ತೋತ್ರ ಹೇಳುತ್ತಿದ್ದ. ಆಮೆನ್ ಆದ ಮೇಲೆ ಮೊದಲ ತುತ್ತು. ಸಾರಿಗೆ ಉಪ್ಪು ಕಡಿಮೆಯಿದ್ದರೆ ನಾನು ಗೋಡೆಗೆ. ದೇವರನ್ನು ಹೊಗಳಿದ ಬಾಯಿಂದಲೇ ಹೆಂಡತಿಯನ್ನು ಬಯ್ಯುವ ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ. ಒಮ್ಮೆ ಗೋಡೆಯಿಂದ ಸಿಡಿದು ಕೃಪಾವತಿಯ ಹಣೆಗೆ ಬಡಿದೆ. ಅವಳು ಸೆರಗಿನಿಂದ ರಕ್ತ ಒತ್ತಿಕೊಂಡು ನೆಲಕ್ಕೆ ಚೆಲ್ಲಿದ ಅನ್ನ ಬಳಿದಳು.

ಮಗಳು ಶೆರೋನ್ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. ಅಪ್ಪನ ಪಕ್ಕ ಕೂತು, ನಾನು ಹಾರದಂತೆ ಎರಡೂ ಕೈಯಿಂದ ನನ್ನ ನೆಗ್ಗಿದ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು.

“ಕಣ್ಣ ಮುಚ್ಚವಾ.”

“ಒಲ್ಲೆ ಪಪ್ಪಾ.”

ಇಂಥವನು ಚರ್ಚಿನಲ್ಲಿ ಯುವಕರ ಕೂಟದ ಮುಖಂಡ. ಒಂದು ಭಾನುವಾರ ಸಂಜೆ ಮನೆಪ್ರಾರ್ಥನೆ ನಮ್ಮಲ್ಲೇ ಇತ್ತು. ಹೊಸದಾಗಿ ಮದುವೆಯಾದ ಗಂಡಸರ ಮುಂದೆ ಜಯವಂತ ಶಮೆದಮೆಯ, ಅಂದರೆ ಸಂಯಮದ ಬಗ್ಗೆ ಬೋಧಿಸಿದ. “ನಾಲಿಗಿ, ಕೈ ಎರಡೂ ಹಿಡತದಾಗ ಇರಬೇಕ್ರಿ. ಮನಿ ಆಳೂ ಮೊದ್ಲು ನಮ್ಮನ್ನ ನಾವು ಆಳಬೇಕು.” ಅಡುಗೆಮನೆಯಿಂದ ಕೇಳಿಸಿಕೊಂಡು ನನ್ನ ಮೈ ಉರಿಯಿತು.

ಊಟಕ್ಕೆ ಕೂತಾಗ ಮನೆಯ ಮಗುವಿನಿಂದ ಸ್ತೋತ್ರ ಹೇಳಿಸುವುದು ಅವರ ವಾಡಿಕೆ. ಸಭಾಪಾಲಕರಾದ ಅಯ್ಯನವರು ಶೆರೋನಳನ್ನು ಕರೆದರು. ಎಲ್ಲರೂ ಕಣ್ಣು ಮುಚ್ಚಿದರು. ಅವಳು ನನ್ನನ್ನು ಹಿಡಿದುಕೊಂಡೇ ಹೇಳಿದಳು:

“ಯೇಸಪ್ಪಾ, ಇವತ್ತ ಸಾರಿನ್ಯಾಗ ಉಪ್ಪು ಬರೊಬ್ಬರಿ ಇರ್ಲಿ. ಪಪ್ಪಾ ತಾಟು ಒಗೀಲಾರ್ದಂಗ ನೋಡ್ಕೊ. ಆಮೆನ್.”

ಎಲ್ಲರೂ ಕಣ್ಣು ತೆರೆದರು. ಅಯ್ಯನವರು ನನ್ನ ಅಂಚನ್ನು ನೋಡಿದರು, ಆಮೇಲೆ ಕೃಪಾವತಿಯ ಹಣೆಯ ಕಲೆಯನ್ನು.

“ಜಯವಂತಾ, ಬೋಧನೆ ಸಾಕು ಬಿಡಪಾ. ಮೊದ್ಲು ಈ ತಾಟಿನ ಮುಂದ ನಿನ್ನ ನೀನು ಆಳೂದು ಕಲ್ಕೋ.”

ಅವನು ತಲೆ ಎತ್ತಲಿಲ್ಲ. ಆ ಅವಮಾನವನ್ನು ನಾನು ಸವಿದೆ, ಸುಳ್ಳೇಕೆ ಹೇಳಲಿ.

ಅಂದಿನಿಂದ ಅವನು ನನ್ನನ್ನು ಎಸೆದಿಲ್ಲ. ಉಪ್ಪು ಬೇಕಾದರೆ ತಾನೇ ಎದ್ದು ತರುತ್ತಾನೆ. ಒಮ್ಮೊಮ್ಮೆ ದವಡೆ ಬಿಗಿಯುತ್ತದೆ, ಕೆಳಗಿನಿಂದ ನನಗೆ ಕಾಣುತ್ತದೆ. ನುಂಗಿಕೊಳ್ಳುತ್ತಾನೆ. ಜಯವಂತ ಬದಲಾದ ಎಂದು ಚರ್ಚಿನವರು ಹೇಳುತ್ತಾರೆ. ಕ್ಷಮಿಸುವುದು ಅವರ ಧರ್ಮ, ತಟ್ಟೆಗೆ ಆ ಕಟ್ಟಳೆಯಿಲ್ಲ.

ನನಗೀಗ ವಯಸ್ಸಾಯಿತು. ಹೊಸ ತಟ್ಟೆಗಳು ಬಂದರೂ ಅವನು ನನ್ನನ್ನೇ ಕೇಳಿ ಬಡಿಸಿಕೊಳ್ಳುತ್ತಾನೆ. ಶೆರೋನ್ ಹೈಸ್ಕೂಲು ಸೇರಿದ್ದಾಳೆ. ಚಿಕ್ಕದಾಗಿ ಸ್ತೋತ್ರ ಹೇಳುವಾಗ ಅವನೂ ಈಗ ಓರೆಗಣ್ಣಿನಿಂದ ಮಗಳನ್ನು ನೋಡುತ್ತಾನೆ. ಅವಳ ಕಣ್ಣು ತೆರೆದೇ ಇರುತ್ತದೆ, ಎರಡು ಬೆರಳು ನನ್ನ ಅಂಚಿನ ಮೇಲೆ.