ಹಿಂದಿನ ಬಾಗಿಲ ಬೀಗ ತೆಗೆಸಿದವರು

ಬೇಸಿಗೆ ಬಂತೆಂದರೆ ಆ ಲಾಂಡ್ರಿಯೊಳಗೆ ಉಸಿರಾಡುವುದೇ ಕಷ್ಟ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಟವೆಲು ಎಲ್ಲ ರಾಶಿ ರಾಶಿಯಾಗಿ ಅಲ್ಲಿಗೇ ಬರುತ್ತಿದ್ದವು. ಒಂದು ಕಡೆ ಒಗೆಯುವ ಯಂತ್ರಗಳ ಗಡಗಡ, ಇನ್ನೊಂದು ಕಡೆ ಇಸ್ತ್ರಿ ಯಂತ್ರಗಳ ಹಬೆ. ಗೋಡೆಯ ಫ್ಯಾನು ಕೆಟ್ಟು ಯಾವ ಕಾಲವಾಯಿತೋ ಯಾರಿಗೂ ನೆನಪಿಲ್ಲ. ಹಿಂಬದಿಯಲ್ಲಿ ದೊಡ್ಡದೊಂದು ಕಬ್ಬಿಣದ ಬಾಗಿಲೇನೋ ಇತ್ತು. ಆದರೆ ಬಟ್ಟೆ ಕಳುವಾಗುತ್ತದೆಂದು ಮ್ಯಾನೇಜರು ಅದಕ್ಕೆ ಸರಪಳಿ ಸುತ್ತಿ ಬೀಗ ಜಡಿಸಿದ್ದರು.

ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಒಬ್ಬಾಕೆಗೆ ಅಲ್ಲಿ ಪಟಾಕಿ ಎಂದೇ ಹೆಸರು. ಮಾತು ಅರಳು ಹುರಿದಂತೆ. ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಸೆಕೆ ತಡೆಯಲಾರದೆ ಸೀದಾ ಮ್ಯಾನೇಜರ ಮುಂದೆ ಹೋಗಿ ನಿಂತಳು.

"ಸಾರ್, ಫ್ಯಾನ್ ರಿಪೇರಿ ಮಾಡಿಸ್ತೀರೋ, ಇಲ್ಲ ನಮ್ಮನ್ನೂ ಈ ಬಟ್ಟೆ ಜೊತೆ ಬೇಯಿಸಿಬಿಡ್ತೀರೋ?"

ಮ್ಯಾನೇಜರು ತಲೆ ಎತ್ತಲಿಲ್ಲ. "ಸೆಕೆ ನಿನಗೊಬ್ಬಳಿಗೇನಾ? ಮಿಕ್ಕವರೆಲ್ಲ ಸುಮ್ನೆ ಕೆಲಸ ಮಾಡ್ತಿದ್ದಾರಲ್ಲ?"

ಪಟಾಕಿ ಹಿಂದಿರುಗಿ ನೋಡಿದಳು. ಎಲ್ಲರ ತಲೆಯೂ ಬಗ್ಗಿತ್ತು. ಮರುದಿನ ಅವಳನ್ನು ಹಬೆ ಹುಟ್ಟಿಸುವ ಬಾಯ್ಲರಿಗೆ ತೀರ ಹತ್ತಿರದ ಯಂತ್ರಕ್ಕೆ ಹಾಕಿದರು. ಅವತ್ತಿನಿಂದ ಅವಳಿಗೆ ಮ್ಯಾನೇಜರಿಗಿಂತ ಜೊತೆಯವರ ಮೇಲೆಯೇ ಹೆಚ್ಚು ಸಿಟ್ಟು.

ಅಲ್ಲಿಯೂ ಒಂದು ಕಾರ್ಮಿಕ ಸಂಘವಿತ್ತು. ಎಲ್ಲರೂ ಅದರ ಸದಸ್ಯರೇ. ಆದರೆ ಸದಸ್ಯರೆಂದರೆ ವರ್ಷಕ್ಕೊಮ್ಮೆ ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟಿ ಬರುವವರು, ಅಷ್ಟೇ. ಹೀಗಿರುವಾಗ ಸಂಘದಿಂದ ಒಂದು ಸುದ್ದಿ ಬಂತು. ಕೆಲಸದ ಜಾಗದಲ್ಲಿ ಎಲ್ಲರೂ ಒಟ್ಟಾಗಿ ದನಿ ಎತ್ತುವುದು ಹೇಗೆ ಎಂದು ರಜೆಯ ದಿನ ತರಬೇತಿ ಕೊಡುತ್ತಾರಂತೆ.

ಪಟಾಕಿ ಮನೆಯಲ್ಲಿ ವಿಷಯ ಹೇಳಿದಾಗ, ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಅವಳ ಗಂಡ ನಕ್ಕುಬಿಟ್ಟ.

"ನಿನಗೆ ಮಾತಾಡೋ ತರಬೇತಿನಾ? ಬಾಯಿ ಮುಚ್ಚೋ ತರಬೇತಿ ಇದ್ರೆ ಹೇಳು, ನಾನೇ ಹೋಗಿ ಸೇರಿಸಿ ಬರ್ತೀನಿ."

"ನಗಬೇಡಿ. ನನಗೂ ನಂಬಿಕೆ ಇಲ್ಲ. ಆ ತಲೆ ಬಗ್ಗಿಸೋ ಜನರನ್ನ ಕಟ್ಟಿಕೊಂಡು ಏನಾಗುತ್ತೆ? ಏನ್ ಹೇಳ್ತಾರೋ ನೋಡಿ ಬರೋಣ ಅಂತ, ಅಷ್ಟೇ."

ತರಬೇತಿ ಕೊಡಲು ಬಂದವರು ಹಿಂದೆ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಹೆಂಗಸು. ಎಲ್ಲರೂ ಅವರನ್ನು ಕಂಡಕ್ಟರಕ್ಕ ಅನ್ನುತ್ತಿದ್ದರು. ಆಕೆ ಭಾಷಣ ಮಾಡಲಿಲ್ಲ. ಎಲ್ಲರನ್ನೂ ಸುತ್ತ ಕೂರಿಸಿ ಕೇಳಿದರು: "ನಿಮ್ಮ ಜಾಗದಲ್ಲಿ ಎಲ್ಲರನ್ನೂ ಕಾಡೋದು ಏನು?"

"ಫ್ಯಾನು!" ಪಟಾಕಿಯ ದನಿಯೇ ಮೊದಲು.

"ಎಲ್ಲರನ್ನೂ ಕಾಡೋದು ಅದೇ ಅಂತ ಹೇಗೆ ಗೊತ್ತು? ಕೇಳಿದ್ಯಾ?"

"ಕೇಳೋದೇನಕ್ಕ? ಬೆವರು ಸುರಿಯೋದು ಕಾಣಲ್ವಾ?"

"ನೋಡಿದ್ಯಾ ಅನ್ನಲಿಲ್ಲ. ಕೇಳಿದ್ಯಾ ಅಂದೆ."

ಎಲ್ಲರೂ ಗೊಳ್ಳೆಂದು ನಕ್ಕರು.

ಆಮೇಲೆ ಇಬ್ಬಿಬ್ಬರನ್ನು ಎದುರು ಬದುರು ಕೂರಿಸಿದರು. ಒಬ್ಬರು ಒಂದು ಪ್ರಶ್ನೆ ಕೇಳಿ ಸುಮ್ಮನಿರಬೇಕು. ಇನ್ನೊಬ್ಬರು ಮನಸ್ಸು ಬಿಚ್ಚಿ ಹೇಳಬೇಕು. ಪಟಾಕಿ ಪ್ರತಿ ಸಲವೂ ನಡುವೆ ಬಾಯಿ ಹಾಕಿ ಸೋತಳು. ಕೊನೆಗೆ ತುಟಿ ಕಚ್ಚಿಕೊಂಡೇ ಕುಳಿತಳು. ಮಧ್ಯಾಹ್ನ ಕಂಡಕ್ಟರಕ್ಕ ತಾವೇ ಮ್ಯಾನೇಜರಾಗಿ ಗತ್ತಿನಿಂದ ಕುರ್ಚಿಯಲ್ಲಿ ಕುಳಿತು, ಒಬ್ಬರನ್ನು ಮಾತ್ರ ಒಳಗೆ ಕರೆದರು.

"ಈಗ ಮಿಕ್ಕವರು ಏನು ಮಾಡ್ಬೇಕು?"

"ಕೆಲಸಕ್ಕೆ ಹೋಗ್ಬೇಕಾ?" ಯಾರೋ ಅಂದರು.

"ಹೋದ್ರೆ ಆಟ ಮುಗೀತು. ಅಲ್ಲೇ ನಿಲ್ಬೇಕು. ಯಾರು ಏನು ಹೇಳ್ಬೇಕು, ಅವರು ಏನಂದ್ರೆ ನಾವೇನು ಅನ್ಬೇಕು, ಎಲ್ಲ ಮೊದಲೇ ಮಾತಾಡಿಕೊಂಡಿರಬೇಕು. ಕಾನೂನು ಏನು ಹೇಳುತ್ತೆ ಅಂತಾನೂ ಸಂಘದಲ್ಲಿ ಕೇಳಿ ತಿಳ್ಕೊಂಡಿರಬೇಕು."

ಸಂಜೆ ಮನೆಗೆ ಬಂದ ಪಟಾಕಿ ಗಂಡನಿಗೆ ಹೇಳಿದಳು: "ನೀವು ಹೇಳಿದ ತರಬೇತಿನೇ ಆಯ್ತು ರೀ. ಬಾಯಿ ಮುಚ್ಚೋದು."

ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಒಬ್ಬ ವಯಸ್ಸಾದ ಹೆಂಗಸಿದ್ದಳು. ಯಾರೊಂದಿಗೂ ಮಾತಿಲ್ಲ, ಕತೆಯಿಲ್ಲ. ಅದಕ್ಕೇ ಮೌನಿಯಮ್ಮ ಎಂಬ ಹೆಸರು. ಅವಳು ಮ್ಯಾನೇಜರ ಕಡೆಯವಳೆಂದೇ ಪಟಾಕಿ ನಂಬಿದ್ದಳು. ಆದರೂ ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಅವಳ ಪಕ್ಕದಲ್ಲೇ ಹೋಗಿ ಕುಳಿತಳು.

"ಅಮ್ಮಾ, ಇಲ್ಲಿ ನಿಮ್ಮನ್ನ ಕಾಡೋದು ಏನು?"

ಮೌನಿಯಮ್ಮ ತುತ್ತು ಕಲಸುತ್ತಲೇ ಇದ್ದಳು. ಪಟಾಕಿಯ ನಾಲಿಗೆ ತುದಿಗೆ ಏನೇನೋ ಬಂತು. ನುಂಗಿಕೊಂಡಳು. ಕಾದಳು. ಮೌನಿಯಮ್ಮ ಡಬ್ಬಿ ಮುಚ್ಚಿಟ್ಟು, ಹಿಂದಿನ ಬಾಗಿಲ ಕಡೆ ನೋಡಿದಳು.

"ಆ ಬೀಗ. ಮೊದಲು ನಾನು, ನನ್ನ ತಂಗಿ ಒಂದು ನೂಲಿನ ಗಿರಣಿಯಲ್ಲಿದ್ವಿ. ಬೆಂಕಿ ಬಿತ್ತು. ನಾನು ಮುಂದಿನಿಂದ ಹೊರಗೆ ಬಂದೆ. ಅವಳು ಹಿಂದಿನ ಬಾಗಿಲ ಹತ್ತಿರ ಇದ್ಲು. ಬೀಗದ ಕೈ ತರೋಕೆ ಹೋದವರು ಬರೋಷ್ಟರಲ್ಲಿ..." ಅವಳು ಅಲ್ಲಿಗೇ ನಿಲ್ಲಿಸಿದಳು. "ದಿನಾ ಬೆಳಿಗ್ಗೆ ಬಂದ ತಕ್ಷಣ ಆ ಸರಪಳಿ ಕಣ್ಣಿಗೆ ಬೀಳುತ್ತೆ. ಆಮೇಲೆ ನನಗೆ ಮಾತೇ ಬರಲ್ಲ ಮಗಾ."

ಪಟಾಕಿ ತನ್ನನ್ನೇ ಬೈದುಕೊಂಡಳು. ಇಷ್ಟು ದಿನ ಈ ಜೀವದ ಬಗ್ಗೆ ಏನೆಲ್ಲ ಅಂದುಕೊಂಡಿದ್ದೆನಲ್ಲ! ಆಗಲೇ ಎದ್ದು ಹೋಗಿ ಮ್ಯಾನೇಜರ ಮೇಲೆ ಹರಿಹಾಯಬೇಕೆನಿಸಿತು. ಹಾಗೆ ಮಾಡದೆ ಕಂಡಕ್ಟರಕ್ಕನಿಗೆ ಫೋನು ಮಾಡಿದಳು.

"ನೀನೊಬ್ಬಳೇ ಹೋದ್ರೆ ಮತ್ತೆ ಬಾಯ್ಲರ್ ಹತ್ತಿರಾನೇ," ಅಂದರು ಅವರು. "ಇನ್ನೂ ಯಾರ‍್ಯಾರ ಹತ್ತಿರ ಮಾತಾಡಿಲ್ಲ? ಅದನ್ನ ಮೊದಲು ನೋಡು."

ತರಬೇತಿಗೆ ಬಂದಿದ್ದ ಲಾಂಡ್ರಿಯವರೆಲ್ಲ ಕೆಲಸ ಹಂಚಿಕೊಂಡರು. ಒಗೆಯುವವರು, ಗಂಟು ಹೊರುವವರು, ಎಲ್ಲರ ಹತ್ತಿರವೂ ಕುಳಿತು ಕೇಳಿದರು. ಮಾತು ಸುತ್ತಿ ಸುತ್ತಿ ಆ ಬಾಗಿಲಿಗೇ ಬರುತ್ತಿತ್ತು. ಹೊರುವವರಿಗೆ ಗಂಟು ಹೊತ್ತು ಕಟ್ಟಡ ಸುತ್ತುವ ಪಾಡು. ಒಗೆಯುವವರಿಗೆ ಗಾಳಿಯಿಲ್ಲ. ಎಲ್ಲರಿಗೂ ಒಳಗೊಳಗೇ ಭಯ. ಜನ ಎಷ್ಟು ಗಟ್ಟಿ ಎಂದು ನೋಡಲು ಮೊದಲು ಒಂದು ಸಣ್ಣ ಕೆಲಸ ಇಟ್ಟುಕೊಂಡರು: ಬೆಳಿಗ್ಗೆ ಎಲ್ಲರೂ ಮುಂಗೈಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಬರುವುದು. ಕಟ್ಟಿಕೊಳ್ಳದವರು ಒಬ್ಬರೂ ಇರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಎಲ್ಲರೂ ಮ್ಯಾನೇಜರ ಕೋಣೆಯ ಮುಂದೆ ಸೇರಿದರು. ಮ್ಯಾನೇಜರು ಹೊರಗೆ ಬಂದವರೇ ಪಟಾಕಿಯನ್ನು ಗುರುತಿಸಿದರು.

"ನಿನ್ನದೇ ಕಿತಾಪತಿ ಅಂತ ಗೊತ್ತು. ನೀನು ಒಳಗೆ ಬಾ. ಮಿಕ್ಕವರು ಹೋಗಿ."

ಪಟಾಕಿ ಹಿಂದಿರುಗಿ ನೋಡಿದಳು. ಈ ಸಲ ಒಂದು ತಲೆಯೂ ಬಗ್ಗಿರಲಿಲ್ಲ. ಒಂದು ಕಾಲೂ ಕದಲಲಿಲ್ಲ. ಮೊದಲು ಮಾತಾಡಬೇಕಾದವಳು ಅವಳಲ್ಲ ಎಂದು ತೀರ್ಮಾನವಾಗಿತ್ತು. ತುಟಿ ಬಿಗಿಹಿಡಿದು ನಿಂತಳು.

ಮೌನಿಯಮ್ಮ ಮುಂದೆ ಬಂದಳು. "ಒಳಗೆ ಬೇಡ ಸಾರ್, ಇಲ್ಲೇ ಹೇಳ್ತೀವಿ. ಹಿಂದಿನ ಬಾಗಿಲ ಬೀಗ ತೆಗೆಸಿ. ಬೀಗ ಹಾಕಿದ ಬಾಗಿಲ ಹಿಂದೆ ನನ್ನ ತಂಗಿ ಹೋಗಿಬಿಟ್ಲು. ಇಲ್ಲಿರೋರು ಯಾರೂ ಹಾಗೆ ಹೋಗ್ಬಾರ್ದು."

ಮ್ಯಾನೇಜರು ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿದರು. "ಕಳ್ಳತನ ಆದ್ರೆ ಯಾರು ಹೊಣೆ?"

ಅದಕ್ಕೂ ಉತ್ತರ ಸಿದ್ಧವಿತ್ತು. ಗಂಟು ಹೊರುವವನೊಬ್ಬ ಹೇಳಿದ: "ಒಳಗಿನಿಂದ ತೆಗೆಯೋ ಚಿಲಕ ಹಾಕ್ಸಿ ಸಾರ್. ತೆಗೆದ ಕೂಡ್ಲೇ ಗಂಟೆ ಹೊಡೆಯೋ ಹಾಗೆ ಮಾಡಿ. ಕಳ್ಳನೂ ಸಿಗ್ತಾನೆ, ನಾವೂ ಬದುಕ್ತೀವಿ."

"ಮಾಲೀಕರನ್ನ ಕೇಳ್ಬೇಕು."

"ಕೇಳಿ ಸಾರ್. ಬಿಡುವು ಇನ್ನೂ ಇದೆ, ಇಲ್ಲೇ ಇರ್ತೀವಿ," ಎಂದಳು ಪಟಾಕಿ, ಮೆತ್ತಗೆ. ಅವಳ ಬಾಯಿಂದ ಅಷ್ಟು ಮೆತ್ತಗಿನ ಮಾತು ಯಾರೂ ಕೇಳಿರಲಿಲ್ಲ.

ಮ್ಯಾನೇಜರು ಫೋನು ಮಾಡಿ ಕೇಳಿದಾಗ ಮಾಲೀಕರು ಒಪ್ಪಿದರು. ಸಂಜೆಯೊಳಗೆ ಸರಪಳಿ ಬಿಚ್ಚಿತು. ಬಾಗಿಲು ಕಿರುಗುಟ್ಟುತ್ತ ತೆರೆದುಕೊಂಡಾಗ ಹೊರಗಿನ ಗಾಳಿ ಒಳಗೆ ನುಗ್ಗಿ, ಮಡಚಿಟ್ಟ ಟವೆಲುಗಳ ಅಂಚು ಅಲುಗಿತು. ಮುಂದೆ ಮ್ಯಾನೇಜರು ಮೌನಿಯಮ್ಮನನ್ನು ಬೇರೆ ಕಡೆ ಹಾಕಲು ನೋಡಿದರು. ಎಲ್ಲರೂ ಮತ್ತೆ ಹೋಗಿ ನಿಂತರು, ಆ ಮಾತು ಅಲ್ಲಿಗೇ ಬಿದ್ದುಹೋಯಿತು. ಫ್ಯಾನಿಗಾಗಿ ಮಾತ್ರ ಇನ್ನೂ ಓಡಾಡುತ್ತಿದ್ದಾರೆ.

ಬಾಗಿಲು ತೆರೆದ ದಿನ ಮೌನಿಯಮ್ಮ ಪಟಾಕಿಯ ಕೈ ಹಿಡಿದುಕೊಂಡು, "ಇಷ್ಟು ವರ್ಷ ನನ್ನನ್ನ ಯಾರೂ ಕೇಳಿರ್ಲಿಲ್ಲ ಮಗಾ. ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು. ಪಟಾಕಿಯ ಕಣ್ಣು ತುಂಬಿತು. "ಬಾಯಿಬಿಟ್ಟು ಹೇಳಿದ್ರಲ್ಲ, ನಾನೇ ನಿಮಗೆ ಋಣಿ ಅಮ್ಮಾ," ಎಂದಳು.

ಕಂಡಕ್ಟರಕ್ಕನ ಉಪಕಾರ ನೆನೆಯಲು ಹೋದಾಗ ಅವರು ನಕ್ಕರು. "ಹೊಗಳಿಕೆ ಎಲ್ಲ ಬೇಡ. ಮುಂದಿನ ತರಬೇತಿಗೆ ಬಂದು ಮ್ಯಾನೇಜರ್ ಆಗಿ ಕೂತ್ಕೋ. ಆ ಗತ್ತು ನಿನಗೇ ಚೆನ್ನಾಗಿ ಬರುತ್ತೆ."

ಮನೆಯಲ್ಲಿ ಗಂಡ ಎಲ್ಲ ಕೇಳಿಸಿಕೊಂಡ. "ನಮ್ಮ ಬೇಕರಿಲೂ ಒಲೆ ಮನೆಗೆ ಒಂದೇ ಬಾಗಿಲು ಕಣೇ," ಎಂದ. "ಆ ತರಬೇತಿ ಮತ್ತೆ ಯಾವಾಗ?"

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೆಲಸದ ಜಾಗದಲ್ಲೂ ಬಾಯಿ ಬಿಡದ ಒಬ್ಬರು ಇದ್ದೇ ಇರುತ್ತಾರೆ. ನಾಳೆ ಊಟದ ಹೊತ್ತಿಗೆ ಅವರ ಪಕ್ಕದಲ್ಲಿ ಕುಳಿತು, ಅವರನ್ನು ಕಾಡುವುದು ಏನೆಂದು ಕೇಳಿ. ಕೇಳಿದ ಮೇಲೆ ಸುಮ್ಮನಿದ್ದು ಕಿವಿಗೊಡಿ. ನಿಮ್ಮ ಸಂಘ ತರಬೇತಿ ಇಟ್ಟರೆ ತಪ್ಪಿಸಬೇಡಿ. ಇಡದಿದ್ದರೆ ಇಡಿ ಎಂದು ಕೇಳಿ. ಒಬ್ಬರೇ ಹೋಗಬೇಡಿ, ಎಲ್ಲರೂ ಒಟ್ಟಿಗೆ ಹೋಗಿ.